ಬಲೆಗೆ ಸಿಕ್ಕಿದ ಕೇರೆ ಹಾವು: ಅರಣ್ಯ ಇಲಾಖೆಯವರು ಬರುವವರೆಗೆ ಏನು ಮಾಡೋದು?

ತೋಟದಬೇಲಿ:
ಸೌತೆ ಪಾತಿಗೆ ಕೋಳಿ ನುಗ್ಗದಿರಲಿ ಅಂತ ಕಟ್ಟಿದ ನೈಲಾನ್ ಬಲೆಯಲ್ಲಿ ಐದಡಿ ಕೇರೆ ಸಿಕ್ಕಿಕೊಂಡಿದೆ. ನಡುಮೈಗೆ ನಾಲ್ಕೈದು ಕಡೆ ದಾರ ಬಿಗಿದಿದೆ. ಎಳೆದು ಬಿಡಿಸಬಹುದಾ?

ಮಳೆಕಾಡು:
ಎಳೆಯಲೇಬೇಡಿ. ಹಾವಿನ ಹುರುಪೆಗಳ ಅಂಚು ಬಾಲದ ಕಡೆಗೆ ತೆರೆದಿರುತ್ತದೆ. ಹಿಂದಕ್ಕೆ ಸರಿದರೆ ದಾರ ಆ ಅಂಚಿನಡಿ ಹೊಕ್ಕು ಚರ್ಮ ಕೊಯ್ಯುತ್ತದೆ, ಮುಂದಕ್ಕೆ ಹೋದರೆ ಮೈ ದಪ್ಪವಿರುವಲ್ಲಿ ಇನ್ನೂ ಬಿಗಿಯುತ್ತದೆ.

ಅದು ಕೇರೆಯೇ ತಾನೇ? ದಣಿದ ನಾಗರ ಹೆಡೆ ಬಿಚ್ಚದೆ ಬಿದ್ದಿರುತ್ತದೆ, ಮೈಬಣ್ಣವೂ ಹೆಚ್ಚುಕಮ್ಮಿ ಒಂದೇ. ಕೇರೆಗೆ ಕಣ್ಣು ದೊಡ್ಡದು, ತುಟಿಯ ಹುರುಪೆಗಳ ನಡುವೆ ಕಪ್ಪು ಗೀರುಗಳಿರುತ್ತವೆ. ಮೊಬೈಲ್‌ನಲ್ಲಿ ಝೂಮ್ ಮಾಡಿ ದೂರದಿಂದಲೇ ನೋಡಿ. ಅನುಮಾನವಿದ್ದರೆ ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಕಾಯಿರಿ. ಅಲ್ಲಾಡದ ಹಾವು ಸತ್ತಿದೆ ಅಂತಲೂ ಮುಟ್ಟಬೇಡಿ. ಸತ್ತ ಮೇಲೂ ಸ್ವಲ್ಪ ಹೊತ್ತು ಬಾಯಿ ಕಚ್ಚಬಲ್ಲದು.

ಕಾಯುವಾಗ ಹಾವನ್ನು ಕೊಲ್ಲುವುದು ಬಲೆಗಿಂತ ಬಿಸಿಲು. ಕೋಲಿಗೆ ಒದ್ದೆ ಗೋಣಿ ಸಿಕ್ಕಿಸಿ ಮೇಲೆ ನೆರಳಾಗುವಂತೆ ಹಿಡಿಯಿರಿ, ನಾಯಿಯನ್ನು ಕಟ್ಟಿಹಾಕಿ. ಬಲೆಯನ್ನು ಗೂಟದಿಂದ ಬಿಚ್ಚಬೇಡಿ. ಬಲೆ ಸಮೇತ ಪೊದೆಗೆ ನುಗ್ಗಿದರೆ ಮತ್ತೆ ಸಿಗುವುದಿಲ್ಲ.

ತೋಟದಬೇಲಿ:
ಗೀರು ಕಾಣ್ತಿದೆ, ಕೇರೆಯೇ. ಕತ್ತರಿ ಹಾಕಲಾ?

ಉರಗಪ್ರಿಯ:
ಒಬ್ಬರೇ ಬೇಡ ಸರ್. ಕೇರೆಗೆ ವಿಷವಿಲ್ಲ, ಆದರೆ ಕಡಿತ ಜೋರು. ತಿಳಿದವರು ತಲೆಯನ್ನು ಪಾರದರ್ಶಕ ಪೈಪಿನೊಳಗೆ ತೂರಿಸಿ, ಪೈಪು ಮತ್ತು ಮೈ ಎರಡನ್ನೂ ಒಂದೇ ಹಿಡಿತದಲ್ಲಿ ಹಿಡಿಯುತ್ತಾರೆ, ಕತ್ತರಿಸುವುದು ಇನ್ನೊಬ್ಬರು. ಮೊಂಡು ತುದಿಯ ಬ್ಯಾಂಡೇಜ್ ಕತ್ತರಿ ಬೇಕು, ಬ್ಲೇಡ್ ಜಾರಿದರೆ ಹೊಟ್ಟೆಯೇ ಸೀಳುತ್ತದೆ. ತುದಿಯನ್ನು ತಲೆಯಿಂದ ಬಾಲದ ದಿಕ್ಕಿಗೇ ತೂರಿಸಬೇಕು. ಉಲ್ಟಾ ತೂರಿಸಿದರೆ ಹುರುಪೆ ಎದ್ದು ಕಿತ್ತುಬರುತ್ತದೆ.

ಎಲ್ಲ ಬಿಡಿಸಿದೆವು ಅನ್ನುವಾಗಲೇ ಒಂದೆಳೆ ಉಳಿದಿರುತ್ತದೆ, ಊದಿದ ಚರ್ಮದೊಳಗೆ ಹೂತು ಕಣ್ಣಿಗೇ ಬೀಳುವುದಿಲ್ಲ. ಮೈಗೆ ನೀರು ಚಿಮುಕಿಸಿ ಬೆರಳಾಡಿಸಿದರೆ ಅದು ಏಣಿನಂತೆ ತಗಲುತ್ತದೆ. ಅದನ್ನು ಬಿಟ್ಟರೆ ಆ ಜಾಗಕ್ಕೆ ರಕ್ತ ಹೋಗದೆ ಮಾಂಸ ಕೊಳೆಯುತ್ತದೆ. ಗಾಯಕ್ಕೆ ಅರಿಶಿನ, ಎಣ್ಣೆ ಬೇಡ. ಚರ್ಮ ಸೀಳಿದ್ದರೆ ಹಾವನ್ನು ಬಟ್ಟೆಚೀಲದಲ್ಲಿಟ್ಟು ಇಲಾಖೆಯ ಮೂಲಕ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಗಾಯವಿಲ್ಲದಿದ್ದರೆ ಅದೇ ತೋಟದ ಅಂಚಿನಲ್ಲಿ ಬಿಡಿ. ದೂರದ ಕಾಡಿಗೆ ಒಯ್ದರೆ ಗೊತ್ತಿದ್ದ ಬಿಲವೂ ಇಲ್ಲ, ಬೇಟೆಯ ಜಾಗವೂ ಇಲ್ಲ.

ಮಳೆಕಾಡು:
ಬಲೆ ವಿಷಯ. ಹಾವು ಸಿಕ್ಕಿಕೊಳ್ಳುವುದು ಹೆಚ್ಚಾಗಿ ನೆಲದ ಮೇಲೆ ಸಡಿಲವಾಗಿ ಬಿದ್ದ ಅಂಚಿನಲ್ಲಿ. ಕೆಳಗಿನ ಒಂದೂವರೆ ಅಡಿಗೆ ಹಸಿರು ಶೇಡ್‌ನೆಟ್ ಎಳೆದು ಕಟ್ಟಿ, ನೈಲಾನ್ ಅದರ ಮೇಲಿರಲಿ. ಕೇರೆ ಹತ್ತುತ್ತದೆ, ಹಾಗಾಗಿ ಮೇಲೂ ಜೋಲು ಬಿಡಬೇಡಿ. ಸೌತೆ ಮುಗಿದ ಕೂಡಲೇ ಬಲೆ ಸುತ್ತಿ ಅಟ್ಟಕ್ಕೆ ಹಾಕಿ.