ವಿಜಯಪುರದ ಎರೆಮಣ್ಣು, ಬೋರ್ ನೀರು: ಕಂಪೌಂಡ್‌ಗುಂಟ ಯಾವ ಹೂಗಿಡ ಹಚ್ಚಬೇಕು?

ಗುಮ್ಮಟನಗರಿ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಹೊಸ ಮನೆಯ ಪಶ್ಚಿಮದ ಕಂಪೌಂಡ್‌ಗುಂಟ 28 ಅಡಿ ಉದ್ದ, 4 ಅಡಿ ಅಗಲದ ಜಾಗ ಇದೆ. ಎರೆಮಣ್ಣು, ಒಂದಡಿ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಬೋರ್ ನೀರು ಬಕೆಟ್ಟಿಗೆ ಬಿಳಿ ಕರೆ ಕಟ್ಟುವಷ್ಟು ಗಡಸು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ನೇರ ಬಿಸಿಲು.

ನರ್ಸರಿಯಿಂದ ತಂದ ಕೆಂಪು ಇಕ್ಸೋರಾ ನಾಲ್ಕು, ಹೈಬ್ರಿಡ್ ದಾಸವಾಳ ಎರಡು ಇವೆ. ಮೊದಲ ಕೆಲ ತಿಂಗಳು ಚಲೋ ಇದ್ದವು. ಈಗ ಇಕ್ಸೋರಾದ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುತ್ತವೆ. ಡಿಎಪಿ ಗೊಬ್ಬರ, ಒಲೆಯ ಬೂದಿ, ಮೊಟ್ಟೆ ಸಿಪ್ಪೆ ಎಲ್ಲ ಹಾಕಿದ್ದಾಗಿದೆ, ಗುಣ ಕಾಣಲಿಲ್ಲ. ಈ ಗಿಡಗಳನ್ನು ಉಳಿಸುವುದು ಹೇಗೆ? ಉಳಿದ ಜಾಗಕ್ಕೆ ಯಾವ ಹೂಗಿಡ ಒಗ್ಗುತ್ತವೆ?

---

ಮಲಪ್ರಭಾ_ತೋಟ (ಬಾಗಲಕೋಟೆ):

ಇದು ಗೊಬ್ಬರದ ಕೊರತೆ ಅಲ್ಲ, ಸುಣ್ಣದ ಕಾಟ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣ ಅದನ್ನು ಕರಗಲು ಬಿಡುವುದಿಲ್ಲ. ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ ಅನ್ನಬಹುದಿತ್ತು. ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ನೀರಿನ ಉಪ್ಪು. ಮೂರನ್ನೂ ಬೇರೆ ಬೇರೆಯಾಗಿ ನೋಡಿಕೊಂಡ ಮೇಲೆಯೇ ಔಷಧಕ್ಕೆ ಕೈಹಾಕಿ.

ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟದ್ದಕ್ಕೂ ಕಾರಣ ಇದೆ. ನರ್ಸರಿ ಚೀಲದಲ್ಲಿ ಇರುವುದು ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ. ಬೇರು ಆ ಮುದ್ದೆಯೊಳಗೆ ಇರುವವರೆಗೆ ಗಿಡಕ್ಕೆ ಏನೂ ಗೊತ್ತಾಗುವುದಿಲ್ಲ. ಅದು ಎರೆಮಣ್ಣಿಗೆ ಇಳಿದಾಗ ರೋಗ ಹೊರಗೆ ಕಾಣುತ್ತದೆ. ನೀವು ಹಾಕಿದ ಬೂದಿ, ಮೊಟ್ಟೆ ಸಿಪ್ಪೆ ಎರಡೂ ಸುಣ್ಣದ ಕಡೆಯವೇ. ಡಿಎಪಿಯ ರಂಜಕ ಹೆಚ್ಚಾದರೆ ಕಬ್ಬಿಣ, ಸತು ಎರಡನ್ನೂ ಕಟ್ಟಿಹಾಕುತ್ತದೆ. ಮೂರನ್ನೂ ಇಂದೇ ನಿಲ್ಲಿಸಿ.

ಮಣ್ಣಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಣ ಮಣ್ಣಿನ ಒಂದು ಚಿಟಿಕೆಗೆ ನಿಂಬೆರಸ ಅಥವಾ ವಿನೆಗರ್ ಹಿಂಡಿ. ಬುಸ್ಸೆಂದು ನೊರೆ ಬಂದರೆ ಬಿಡಿ ಸುಣ್ಣ ತುಂಬಾ ಇದೆ ಎಂದರ್ಥ. ಅಂಥ ಮಣ್ಣಿಗೆ ಗಂಧಕ ಹಾಕಿ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸುತ್ತೇವೆ ಅನ್ನುವುದು ವ್ಯರ್ಥ, ಹಾಕಿದಷ್ಟನ್ನೂ ಸುಣ್ಣ ನುಂಗುತ್ತದೆ. ಜಿಪ್ಸಮ್ ಸೋಡಿಯಂ ಹೆಚ್ಚಿರುವ ಚೌಳು ಮಣ್ಣಿಗೆ ಸರಿ, ಈ ರೋಗಕ್ಕೆ ಅಲ್ಲ. ನಿಖರವಾಗಿ ತಿಳಿಯಬೇಕಿದ್ದರೆ ನಾಲ್ಕೈದು ಕಡೆಯಿಂದ ಒಂದಡಿ ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಹಿಟ್ನಳ್ಳಿ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪಿಎಚ್, ಲವಣಾಂಶದ ಜೊತೆಗೆ ಸುಣ್ಣದ ಅಂಶವನ್ನೂ ಕೇಳಿ ಬರೆಸಿಕೊಳ್ಳಿ.

ಈಗ ಚಿಕಿತ್ಸೆ. ಒಂದು ಲೀಟರ್ ಮಳೆನೀರು ಅಥವಾ ಕುಡಿಯುವ ಫಿಲ್ಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅದು ಕರಗಿದ ಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್). ದ್ರಾವಣ ತಿಳಿ ಹಸಿರಾಗಿ ಇರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ, ಕೆಲಸ ಮಾಡುವುದಿಲ್ಲ. ಬೋರ್ ನೀರಲ್ಲಿ ಕಲಸಿದರೆ ಆಗುವುದೂ ಇದೇ. ಸಂಜೆ ಐದರ ನಂತರ ಎಲೆಯ ಮೇಲೂ ಕೆಳಗೂ ಸಿಂಪಡಿಸಿ, 10–12 ದಿನ ಬಿಟ್ಟು ಇನ್ನೆರಡು ಸಲ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ನೆಲಕ್ಕೆ ಗೋಣಿಚೀಲ ಹಾಸಿಕೊಳ್ಳಿ. ಪೂರ್ತಿ ಬಿಳಚಿದ ಎಲೆ ಮತ್ತೆ ಹಸಿರಾಗುವುದು ಕಷ್ಟ. ಹೊಸ ಚಿಗುರು ನೋಡಿ ಗುಣ ಅಳೆಯಿರಿ.

ಬುಡಕ್ಕೇ ಹಾಕುವುದಾದರೆ ಅನ್ನಭೇದಿ ಬೇಡ, ಸುಣ್ಣದ ಮಣ್ಣಲ್ಲಿ ಬೇಗ ಜಡವಾಗುತ್ತದೆ. ಇಡಿಟಿಎ ರೂಪದ (ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವ ರಾಸಾಯನಿಕ) ಕಬ್ಬಿಣವೂ ಪಿಎಚ್ 6.5 ದಾಟಿದರೆ ಬುಡದಲ್ಲಿ ನಿಲ್ಲುವುದಿಲ್ಲ, ಅದು ಎಲೆಗೆ ಸಿಂಪಡಿಸಲು ಮಾತ್ರ. ಅಂಗಡಿಯಲ್ಲಿ ಇಡಿಡಿಎಚ್‌ಎ ರೂಪದ ಕಬ್ಬಿಣ ಎಂದು ಕೇಳಿ. ಕಡುಗೆಂಪು ಪುಡಿ. ಗಿಡಕ್ಕೆ 5–10 ಗ್ರಾಂ, ಐದು ಲೀಟರ್ ನೀರಲ್ಲಿ ಕರಗಿಸಿ, ಹಸಿ ಇರುವ ಬುಡಕ್ಕೆ.

---

ಮಸಾರಿಮಣ್ಣು (ಜಮಖಂಡಿ):

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ಆದ್ರ ಬೇರಿಗೇ ಒಳ್ಳೆ ಮಣ್ಣು ಕೊಟ್ಟುಬಿಟ್ರ ಈ ಸಿಂಪಡಣೆ ತಾಪತ್ರಯ ಯಾಕ? 2 ಅಡಿ ಚೌಕ, 2 ಅಡಿ ಆಳ ತಗ್ಗು ತೋಡಿ ಎರಿ ಪೂರ್ತಿ ತಗೀರಿ, ಮಸಾರಿ (ಕೆಂಪು) ಮಣ್ಣು, ತಿಪ್ಪಿ ಗೊಬ್ಬರ ಕೂಡಿಸಿ ತುಂಬ್ರಿ. ಇನ್ನೊಂದು ಮಾತು. ಹೊಸ ಮನಿ ಅಂತೀರಿ, ಕಂಪೌಂಡ್ ಬುಡದಾಗ ಸಿಮೆಂಟ್, ಗಾರೆ ಚೂರು, ಒಡದ ಇಟ್ಟಂಗಿ ಹುಗದಿರ್ತಾರ. ಅದೂ ಸುಣ್ಣನ. ಮೊದಲ ಅದನ್ನ ಅಗದು ಹೊರಗ ಹಾಕ್ಸರಿ.

---

ಮಲಪ್ರಭಾ_ತೋಟ (ಬಾಗಲಕೋಟೆ):

ಗಾರೆ ಚೂರಿನ ಮಾತು ನೂರಕ್ಕೆ ನೂರು ಸರಿ ಅಣ್ಣಾರೆ, ನಾನು ಅದನ್ನು ಬರೆಯಬೇಕಿತ್ತು. ತಗ್ಗು ತುಂಬುವ ವಿಷಯಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಸುತ್ತ ಎರೆ ಇದ್ದು ನಡುವೆ ಮಸಾರಿ ತುಂಬಿದರೆ ಆ ತಗ್ಗು ಹಂಡೆ ಇಟ್ಟಂತೆ. ಮಳೆನೀರು ಮಸಾರಿಯಲ್ಲಿ ಸರಸರ ಇಳಿಯುತ್ತದೆ, ಎರೆಯ ಗೋಡೆ ತಾಗಿ ಅಲ್ಲೇ ನಿಲ್ಲುತ್ತದೆ. ವಿಜಯಪುರದಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್‌ನಲ್ಲಿ. ಆಗ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಮೇಲಾಗಿ ಸುಣ್ಣದ ಮಣ್ಣು ಹಸಿಯಾಗಿಯೇ ಉಳಿದಷ್ಟೂ ಹಳದಿ ರೋಗ ಹೆಚ್ಚು.

ಆಳಕ್ಕಿಂತ ಎತ್ತರ ಒಳ್ಳೆಯದು. ಒಂದಡಿ ಎತ್ತರ, ಮೂರಡಿ ಅಗಲದ ಏರು ಮಡಿ ಮಾಡಿ. ಹರಳಿಲ್ಲದ ಮೇಲ್ಮಣ್ಣು ಎರಡು ಪಾಲು, ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು. ಗರಸಿಗೂ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಅದೂ ಬೇಡ. ಸಣ್ಣ ಮರಳು ಎರೆಗೆ ಬೆರೆಸಬೇಡಿ, ಒಣಗಿದಾಗ ಗಟ್ಟಿಯಾಗುತ್ತದೆ.

ಗಿಡದ ಬುಡ ಗೋಡೆಯಿಂದ ಎರಡೂವರೆ ಮೂರು ಅಡಿಯಾದರೂ ದೂರ ಇರಲಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆಯ ಬುಡಕ್ಕೇ ನೀರು ಬಿಟ್ಟರೆ ಕಂಪೌಂಡ್ ಬಿರಿಯುತ್ತದೆ.

---

ಹೂವಿನ_ಮಡಿ (ವಿಜಯಪುರ):

ಗಿಡದ ಆಯ್ಕೆ ಬಗ್ಗೆ ಯಾರೂ ಹೇಳಿಲ್ಲ. ಇದೇ ಊರಿನ ಮಣ್ಣಿಗೆ, ಇದೇ ನೀರಿಗೆ ತಕರಾರು ಮಾಡದವನ್ನು ಬರೆಯುತ್ತೇನೆ.

ಪಶ್ಚಿಮದ ಬಿಸಿಲಿಗೆ ನನ್ನ ಮೊದಲ ಆಯ್ಕೆ ಬೋಗನ್‌ವಿಲ್ಲಾ. ಹಚ್ಚುವಾಗ ಬೇರಿನ ಮುದ್ದೆ ಒಡೆಯಬಾರದು, ಚೀಲವನ್ನು ಬ್ಲೇಡಿನಿಂದ ಸೀಳಿ ಹಾಗೇ ಇಳಿಸಿ. ಇದರ ಬೇರು ಬಲು ನಾಜೂಕು, ಚೀಲ ಎಳೆದರೆ ಕಿತ್ತುಬರುತ್ತದೆ. ಎಲೆಯೇ ಎಲೆ, ಹೂವಿಲ್ಲ ಅಂದರೆ ನೀರು, ಯೂರಿಯಾ ಹೆಚ್ಚಾಗಿದೆ. ಹೂ ಮುಗಿದ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಎಲೆ ತುಸು ಬಾಡುವವರೆಗೆ ನೀರು ನಿಲ್ಲಿಸಿ, ಆಮೇಲೆ ಚೆನ್ನಾಗಿ ಕುಡಿಸಿ. ಹೂ ಬರುವುದು ಹೊಸ ಚಿಗುರಿಗೆ, ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಹಳದಿ ಟೆಕೋಮಾ, ರತ್ನಗಂಧಿ ಎರಡೂ ಸುಣ್ಣ, ಬರ ತಡೆಯುತ್ತವೆ. ಕಾಯಿ ಕಟ್ಟಲು ಬಿಡದೆ ಕತ್ತರಿಸುತ್ತಿದ್ದರೆ ಹೂ ನಿಲ್ಲುವುದಿಲ್ಲ, ಸಿಕ್ಕಸಿಕ್ಕಲ್ಲಿ ಸಸಿ ಏಳುವುದೂ ತಪ್ಪುತ್ತದೆ. ಸ್ಫಟಿಕದ ಹೂವಿನ ಗಿಡವನ್ನು ಜನ ಯಾಕೋ ಮರೆತಿದ್ದಾರೆ. ಮೂರಡಿ ಎತ್ತರ, ಚಳಿಗಾಲದಲ್ಲಿ ಮೈತುಂಬ ಹೂ, ಕಡ್ಡಿ ಚುಚ್ಚಿದರೆ ಬರುತ್ತದೆ. ಮುಂದಿನ ಸಾಲಿಗೆ ಅದನ್ನೇ ಹಚ್ಚಿ.

ಕಣಗಿಲೆಯಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ, ಪೂಜೆಗೂ ಹೂ ಆಗುತ್ತದೆ. ಆದರೆ ಬೇರು, ಎಲೆ, ಹಾಲು ಎಲ್ಲವೂ ವಿಷ. ರಸ್ತೆ ಕಡೆ ಆಡು, ದನ ಬಾಯಿ ಹಾಕುವಂತಿದ್ದರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇಡ. ಕತ್ತರಿಸುವಾಗ ಕೈಗವಸು ಇರಲಿ, ಕತ್ತರಿಸಿದ ಕಡ್ಡಿ ಸುಡಬೇಡಿ, ಹೊಗೆಯೂ ಕೆಟ್ಟದ್ದು.

ದುಂಡುಮಲ್ಲಿಗೆ ಬೇಕಿದ್ದರೆ ಏರು ಮಡಿಯಲ್ಲಿ ಬರುತ್ತದೆ. ನವೆಂಬರ್ ಕೊನೆಯ ವಾರ ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಬೇಕು. ಆಗ ಕೈ ಹಿಂಜರಿದರೆ ಬೇಸಿಗೆಯಲ್ಲಿ ಹೂ ಕಡಿಮೆ.

28 ಅಡಿಗೆ ಬೋಗನ್‌ವಿಲ್ಲಾ ಎರಡು, ಟೆಕೋಮಾ ಒಂದು, ರತ್ನಗಂಧಿ ಒಂದು, ನಡುವೆ ಐದೈದು ಅಡಿ. ಅಷ್ಟೇ ಸಾಕು. ಗಿಡ ಸಣ್ಣದಿದ್ದಾಗ ಜಾಗ ಬಣಬಣ ಕಾಣುತ್ತದೆ ಎಂದು ಒತ್ತೊತ್ತಾಗಿ ಹಚ್ಚಿದರೆ ಎರಡನೇ ವರ್ಷಕ್ಕೆ ಒಂದರ ಮೇಲೊಂದು ಬೀಳುತ್ತವೆ.

ದಾಸವಾಳಕ್ಕೆ: ಉದುರಿದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಬಿಳಿ ಹುಳ ಇದ್ದರೆ ಮೊಗ್ಗಿನ ನೊಣ. ಬಿದ್ದ ಮೊಗ್ಗುಗಳನ್ನು ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಮಣ್ಣಿಗೆ ಬಿಟ್ಟರೆ ಅಲ್ಲೇ ಕೋಶವಾಗಿ ಮತ್ತೆ ಏಳುತ್ತದೆ. ಹುಳ ಇಲ್ಲದೆ ತುದಿಯಲ್ಲಿ ಹತ್ತಿಯಂಥ ಬಿಳುಪು, ಇರುವೆ ಸಾಲು ಕಂಡರೆ ಹಿಟ್ಟಿನ ತಿಗಣೆ. ಆ ತುದಿ ಕತ್ತರಿಸಿ ತೆಗೆಯಿರಿ. ಲೀಟರ್ ನೀರಿಗೆ ಬೇವಿನೆಣ್ಣೆ 5 ಮಿಲಿ, ಪಾತ್ರೆ ತೊಳೆಯುವ ಸೋಪು 1 ಮಿಲಿ, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ವಾರ. ಇರುವೆ ಬುಡ ಹತ್ತದಂತೆ ನೋಡಿಕೊಳ್ಳದಿದ್ದರೆ ತಿಗಣೆ ಮರಳಿ ಬರುತ್ತದೆ. ಎರಡೂ ಇಲ್ಲದಿದ್ದರೆ ನೀರಿನ ಏರುಪೇರು ಅಥವಾ 40 ಡಿಗ್ರಿ ಮೀರಿದ ಬಿಸಿಲು. ಮುಂದೆ ದಾಸವಾಳ ತರುವುದಾದರೆ ನಾಟಿ ಒಂಟೆಸಳಿನ ಕೆಂಪು ತನ್ನಿ, ಹೈಬ್ರಿಡ್‌ಗಿಂತ ಈ ಮಣ್ಣನ್ನು ಚೆನ್ನಾಗಿ ತಾಳುತ್ತದೆ.

ನೀರು: ದಿನಾ ಒಂದು ತಂಬಿಗೆ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇರು ಮೇಲೇ ಉಳಿಯುತ್ತದೆ, ಉಪ್ಪೂ ಮೇಲೇ ಕೂರುತ್ತದೆ. ಮೊದಲ ಬೇಸಿಗೆ ಗಿಡಕ್ಕೆ ವಾರಕ್ಕೆ ಎರಡು ಸಲ 12–15 ಲೀಟರ್, ಎರಡನೇ ವರ್ಷದಿಂದ 8–10 ದಿನಕ್ಕೊಮ್ಮೆ. ಹಾಕುವ ಮುಂಚೆ ನಾಲ್ಕು ಇಂಚು ಕೆದರಿ ನೋಡಿ, ತೇವ ಇದ್ದರೆ ಬೇಡ. ಬಿರುಕು ಬಿಟ್ಟರೆ ಸಣ್ಣ ಬೇರು ಹರಿಯುತ್ತವೆ. ಕಳಿತ ಗೊಬ್ಬರ ಬೆರೆಸಿದ ಸಡಿಲ ಮಣ್ಣು ಬಿರುಕಿಗೆ ತುಂಬಿ, ಮೇಲೆ ಒಣ ಎಲೆ ಅಥವಾ ಕಬ್ಬಿನ ರವದಿ (ಒಣ ಗರಿ) ಮೂರು ನಾಲ್ಕು ಇಂಚು ಹಾಸಿ, ಕಾಂಡಕ್ಕೆ ತಾಗದಂತೆ.

---

ಗುಮ್ಮಟನಗರಿ (ವಿಜಯಪುರ):

ತುಂಬಾ ಉಪಕಾರ. ದಾಸವಾಳದ ಮೊಗ್ಗು ಸೀಳಿ ನೋಡಿದೆವು, ಹುಳ ಇಲ್ಲ. ತುದಿಯಲ್ಲಿ ಬಿಳುಪು ಇದೆ, ಇರುವೆಯೂ ಇವೆ. ಇಕ್ಸೋರಾ ಮನೆಯವರಿಗೆ ಬಹಳ ಇಷ್ಟ, ಕಿತ್ತು ಎಸೆಯಲು ಮನಸ್ಸಿಲ್ಲ. ಕುಂಡಕ್ಕೆ ಹಾಕಬಹುದೇ?

---

ಖಾನಾಪುರ_ಕಡೆ (ಬೆಳಗಾವಿ):

ಹಾಕಬಹುದು, ಹಾಕಲೇಬೇಕು. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು, ಹೆಚ್ಚು ಮಳೆ ಇರುವಲ್ಲಿ ಇಕ್ಸೋರಾ ಬೇಲಿಯಂತೆ ಬೆಳೆಯುತ್ತದೆ, ಅದನ್ನು ನೋಡಿ ಸವದತ್ತಿ, ವಿಜಯಪುರದ ಎರೆಗೆ ಹಚ್ಚಿದರೆ ನಿಮ್ಮ ಗಿಡದ ಹಾಗೇ ಆಗುತ್ತದೆ.

ಬಿರುಬಿಸಿಲಲ್ಲಿ ಕೀಳಬೇಡಿ. ಜೂನ್‌ನಲ್ಲಿ ಎರಡು ಮಳೆಯಾದ ಮೇಲೆ ಮೋಡದ ದಿನ ನೋಡಿ ಮಾಡಿ, ಅಲ್ಲಿಯವರೆಗೆ ಸಿಂಪಡಣೆ ಮೇಲೆ ನಡೆಯಲಿ. ಹಿಂದಿನ ದಿನ ನೀರುಣಿಸಿ, ಕಾಂಡದಿಂದ ಮುಕ್ಕಾಲು ಅಡಿ ದೂರದಲ್ಲಿ ಸುತ್ತ ಅಗೆದು ಮುದ್ದೆ ಸಮೇತ ಎತ್ತಿ. ಹೊರಗಂಟಿದ ಎರೆಯನ್ನು ಕೈಯಿಂದ ಉದುರಿಸಿ, ಮೂರನೇ ಒಂದು ಭಾಗ ಕೊಂಬೆ ಕತ್ತರಿಸಿ. ಕುಂಡ 14–16 ಇಂಚಿನದು, ತಳದಲ್ಲಿ ಮೂರಾದರೂ ತೂತು. ಮಣ್ಣು ಹೀಗೆ: ನೊರೆ ಬಾರದ ಕೆಂಪು ಮಣ್ಣು ಎರಡು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಎರಡು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ. ಪಶ್ಚಿಮಕ್ಕೆ ಮರಳಿ ಇಡಬೇಡಿ.

ಮಣ್ಣು ಬದಲಿಸಿ ಬೋರ್ ನೀರನ್ನೇ ಹಾಕುತ್ತ ಹೋದರೆ ವರ್ಷದೊಳಗೆ ಕುಂಡವೂ ಸುಣ್ಣವಾಗುತ್ತದೆ. ಮಾಳಿಗೆಯ ಮಳೆನೀರು ಹಿಡಿದಿಡಿ, ಏಸಿಯಿಂದ ತೊಟ್ಟಿಕ್ಕುವ ನೀರೂ ಮೆದು, ನಾಲ್ಕು ಕುಂಡಕ್ಕೆ ಚೆನ್ನಾಗಿ ಒದಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಲ್ಲಿ ಉಪ್ಪು ಇಮ್ಮಡಿ ಇರುತ್ತದೆ, ಗಡಸು ನೀರನ್ನು ಮೆದುಮಾಡುವ ಸಾಫ್ಟನರ್ ಯಂತ್ರದ ನೀರಲ್ಲಿ ಸೋಡಿಯಂ ಇರುತ್ತದೆ, ಎರಡೂ ಕುಂಡಕ್ಕೆ ಬೇಡ. ಗೊಬ್ಬರಕ್ಕೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಹಾಕಿ, ಮಣ್ಣನ್ನು ತುಸು ಹುಳಿಯ ಕಡೆ ತಿರುಗಿಸುತ್ತದೆ. ಕುಂಡಕ್ಕೆ ತಿಂಗಳಿಗೆ 5 ಗ್ರಾಂ, ನೀರಲ್ಲಿ ಕರಗಿಸಿ, ಮಣ್ಣು ಹಸಿ ಇದ್ದಾಗ ಮಾತ್ರ.