‘ನೀರಲ್ಲಿ ಕರಗುವ’ ಟಿಶ್ಯೂ: ಈ ಮಾತು ಸರಿಯೇ?

ಎಲ್ಲರಿಗೂ ನಮಸ್ಕಾರ.

ಟಿಶ್ಯೂ ಕಾಗದದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ವೆಟ್ ಸ್ಟ್ರೆಂತ್’. ಅಂದರೆ ಒದ್ದೆಯಾದ ಮೇಲೂ ಕಾಗದದಲ್ಲಿ ಉಳಿಯುವ ಗಟ್ಟಿತನ. ‘ಆರ್ದ್ರ ಸಾಮರ್ಥ್ಯ’ ಎಂದು ಬರೆದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ‘ಹಸಿಬಲ’ ಎನ್ನೋಣವೆಂದರೆ ಹಸಿಗೆ ಬೇಯದ್ದು ಎಂಬ ಅರ್ಥವೂ ಇದೆ. ನನಗೆ ‘ಒದ್ದೆಬಲ’ ಹಿಡಿಸಿದೆ. ಬೇರೆ ಯಾರೂ ಬೇಡ ಅನ್ನದಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಕಷ್ಟ ಇರುವುದು ‘ಫ್ಲಶಬಲ್’ ಹತ್ತಿರ. ಅಂದರೆ ಕಮೋಡಿಗೆ ಹಾಕಿ ನೀರು ಬಿಡಬಹುದಾದದ್ದು. ಮಾತಿನಲ್ಲಿ ನಾವು ‘ನೀರಲ್ಲಿ ಕರಗುತ್ತೆ’ ಅಂದುಬಿಡುತ್ತೇವೆ. ಆದರೆ ಕರಗುವುದು ಉಪ್ಪು, ಕಾಗದವಲ್ಲ. ಕಾಗದದಲ್ಲಿ ಮರದ ನಾರುಗಳು ಹೈಡ್ರೋಜನ್ ಬಂಧ ಎಂಬ ಸಣ್ಣ ಸೆಳೆತದಿಂದ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ನೀರು ನಡುವೆ ನುಗ್ಗಿದರೆ ಹಿಡಿತ ತಪ್ಪುತ್ತದೆ, ನಾರು ಮಾತ್ರ ಹಾಗೇ ಇರುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಅಡುಗೆಮನೆಯ ಪೇಪರ್ ಟವೆಲ್‌ಗೆ ಪಾಲಿಅಮೈಡ್-ಎಪಿಕ್ಲೋರೋಹೈಡ್ರಿನ್ ಎಂಬ ರಾಳ ಹಾಕುತ್ತಾರೆ. ಅದು ನಾರುಗಳಿಗೆ ಹಾಕುವ ಕಟ್ಟು ನೀರಿಗೆ ಜಗ್ಗುವುದಿಲ್ಲ, ಹಾಗಾಗಿ ಆ ಟವೆಲನ್ನು ಕಮೋಡಿಗೆ ಹಾಕಬಾರದು. ಟಾಯ್ಲೆಟ್ ಟಿಶ್ಯೂಗೆ ಒದ್ದೆಬಲ ಬೇಕಾದಾಗ ಗ್ಲೈಆಕ್ಸಲ್ ಸೇರಿಸಿದ ಪಾಲಿಅಕ್ರಿಲಮೈಡ್ ಎಂಬ ಬೇರೆ ರಾಳ ಬಳಸುತ್ತಾರೆ. ಅದು ನಾರಿನ ಜೊತೆ ಕಟ್ಟಿಕೊಳ್ಳುವ ಹೆಮಿಅಸಿಟಾಲ್ ಎಂಬ ರಾಸಾಯನಿಕ ಬಂಧ ನೀರಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಒರೆಸುವಷ್ಟು ಹೊತ್ತು ಗಟ್ಟಿ, ಆಮೇಲೆ ಸಡಿಲ. ಎಷ್ಟು ಚೆಂದದ ಉಪಾಯ, ಅಲ್ವಾ?

ವೆಟ್ ವೈಪ್ಸ್‌ಗೆ, ಅಂದರೆ ಒದ್ದೆಯಾಗಿಯೇ ಮಾರುವ ಒರೆಸುವ ಹಾಳೆಗಳಿಗೆ, ಇದು ನಡೆಯದು. ಅವು ಪ್ಯಾಕೆಟ್ಟಿನೊಳಗೇ ತಿಂಗಳುಗಟ್ಟಲೆ ಒದ್ದೆ ಇರುತ್ತವೆ. ಅದಕ್ಕೆ ಉಪ್ಪುನೀರಿನಲ್ಲಿ ಗಟ್ಟಿಯಾಗಿ ನಿಲ್ಲುವ ಅಂಟುಗಳನ್ನು ಮಾಡಿದ್ದಾರೆ. ಫ್ಲಶ್ ನೀರು ಸೇರಿ ಉಪ್ಪು ತೆಳುವಾದರೆ ಅಂಟು ಬಿಡುತ್ತದೆ. ಇಲ್ಲೂ ಕರಗುವುದು ಅಂಟು, ನಾರಲ್ಲ. ಇನ್ನು ಎಷ್ಟೋ ಮಾಮೂಲಿ ವೈಪ್ಸ್‌ನಲ್ಲಿ ಪಾಲಿಯೆಸ್ಟರ್ ಇರುತ್ತದೆ, ಅದು ಬಿಡಿಯಾಗುವುದೂ ಇಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಒಳಚರಂಡಿಯಲ್ಲಿ ಸಿಕ್ಕ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಜಿಡ್ಡು, ವೈಪ್ಸ್ ಎಲ್ಲ ಸೇರಿ ಆದದ್ದು. ‘ಕರಗುತ್ತೆ’ ಎಂದು ಓದಿದವರು ನಮ್ಮೂರ ಪಿಟ್ ಗುಂಡಿಗೂ ಧೈರ್ಯವಾಗಿ ಹಾಕುತ್ತಾರೆ. ಅದಕ್ಕೇ ಈ ಪದ ಬೇಡ ಅನ್ನುತ್ತಿದ್ದೇನೆ.

ಬದಲಿಗೆ ಏನು? ‘ಚದುರುವ’ ಅಂದರೆ ಗುಂಪು ಚದುರಿದ ಹಾಗೆ ಕೇಳಿಸುತ್ತದೆ. ‘ಬಿಡಿಯಾಗುವ’ ಪರವಾಗಿಲ್ಲ, ಆದರೆ ನಾರಿನ ಸುಳಿವಿಲ್ಲ. ಸದ್ಯಕ್ಕೆ ‘ನಾರುಬಿಡುವ ಟಿಶ್ಯೂ’ ಎಂದು ಬರೆದಿದ್ದೇನೆ. ಕಿವಿಗೆ ಹೇಗಿದೆ, ಹೇಳಿ.

ಭದ್ರಾವತಿ ಅಥವಾ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದವರು, ಅವರ ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ಹಳೇ ಕಾಗದ ನೀರಲ್ಲಿ ಕದಡಿ ಮತ್ತೆ ನಾರಾಗುವುದಕ್ಕೆ ಅಲ್ಲಿನ ಕೆಲಸಗಾರರು ಏನನ್ನುತ್ತಿದ್ದರು?