ಅಪ್‌ಡೇಟ್: ಕಡಲ ದಂಡೆಯಲ್ಲಿ ನಡೆಯುತ್ತಾ ಹ್ಯಾಮ್ (ಹವ್ಯಾಸಿ) ರೇಡಿಯೊ, ಎಸ್‌ಡಬ್ಲ್ಯೂಆರ್ ಹತೋಟಿಗೆ ಬಂತು

ಬೆನ್ನುಚೀಲಕ್ಕೆ ವಿಪ್ ಆಂಟೆನಾ (ಸರಳಿನಂತೆ ನೆಟ್ಟಗೆ ನಿಲ್ಲುವಂಥದ್ದು) ಕಟ್ಟಿಕೊಂಡು ದಂಡೆಯಲ್ಲಿ ನಡೆದರೆ 14 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾಕ್ಕೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಹೆಜ್ಜೆಹೆಜ್ಜೆಗೂ ಏರಿಳಿಯುತ್ತದೆ, ಏನು ಮಾಡಲಿ ಅಂತ ಮೊದಲು ಕೇಳಿದ್ದೆನಲ್ಲ, ಅದು ಸರಿಹೋಯಿತು. ಹಿಂದೆ ಒಂದು ವೈರ್ ಎಳೆದುಕೊಂಡು ನಡೆಯಿರಿ ಅಂದವರ ಸಲಹೆಯೇ ಕೆಲಸ ಮಾಡಿದ್ದು. ಸುಮಾರು 5 ಮೀಟರ್ ಇನ್ಸುಲೇಟೆಡ್ ವೈರನ್ನು ರೇಡಿಯೊದ ಗ್ರೌಂಡ್ ಸ್ಕ್ರೂಗೆ ಸಿಕ್ಕಿಸಿ ಬಾಲದ ಹಾಗೆ ಮರಳಿನ ಮೇಲೆ ಬಿಟ್ಟೆ. ಒದ್ದೆ ಮರಳಿನಲ್ಲಿ ಮೀಟರ್ ಮುಳ್ಳು ಅಲ್ಲಾಡಲೇ ಇಲ್ಲ, ಒಣ ಮರಳಿಗೆ ಬಂದರೆ ಸ್ವಲ್ಪ ಏರುತ್ತದೆ, ಅಷ್ಟೇ. ಟ್ಯೂನರ್ (ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಸಾಧನ) ಬಳಸಿ ಅಂದವರ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ನಿಂತಾಗ ಸರಿ, ನಡೆದರೆ ಮತ್ತೆ ಟ್ಯೂನ್ ಮಾಡಬೇಕು, ಸುಮ್ನೆ ತಲೆನೋವು. ಅಚ್ಚರಿಯೆಂದರೆ, ನೀರಿನ ಅಂಚಿಗೆ ಹೋದಂತೆ ದೂರದ ಸ್ಟೇಷನ್‌ಗಳು ಜಾಸ್ತಿ ಕೇಳಿದವು! ಉಪ್ಪುನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುವುದರಿಂದ ನೆಟ್ಟಗೆ ನಿಂತ ಆಂಟೆನಾದ ಸಿಗ್ನಲ್ ತಗ್ಗು ಕೋನದಲ್ಲಿ ಹೊರಟು ದೂರ ಮುಟ್ಟುತ್ತದಂತೆ. ಜನ ಓಡಾಡುವ ಕಡೆ ಮಾತ್ರ ವೈರ್ ಸುತ್ತಿಟ್ಟುಕೊಳ್ಳಿ, ಯಾರದಾದರೂ ಕಾಲಿಗೆ ಸಿಕ್ಕೀತು.